ಹೊಸ ಒಂಟೆ

ಟೋಲ್‌ಗೇಟಿನ ಕೊನೆಯ ಗೂಡಿನಲ್ಲಿ ಕೂತು ಚೀಟಿ ಹರಿದುಕೊಡುವ ಹೆಂಗಸನ್ನು ಎಲ್ಲರೂ ಒಂಟೆ ಎಂದೇ ಕರೆಯುತ್ತಿದ್ದರು. ಬೆಳಿಗ್ಗೆ ಕೂತರೆ ಪಾಳಿ ಮುಗಿಯುವ ತನಕ ಒಂದು ಗುಟುಕು ನೀರಿಲ್ಲ. ಕುಡಿದರೆ ಏಳಬೇಕು, ಕಕ್ಕಸು ಇದ್ದದ್ದು ಲಾರಿಗಳ ಸಾಲು ದಾಟಿ ರಸ್ತೆಯಾಚೆ. ಎದ್ದರೆ ಸಾಲಿನಲ್ಲಿ ಕಾಯುವ ಗಾಡಿಯವರು ಹಾರನ್ ಬಾರಿಸಿ ತಲೆ ತಿನ್ನುತ್ತಾರೆ, ಸೂಪರ್‌ವೈಸರ್ ಮುಖ ಗಂಟಿಕ್ಕುತ್ತಾನೆ.

"ನಮ್ಮ ಒಂಟೇನ ನೋಡಿ ಕಲೀರಿ" ಎಂದು ಅವನು ಉಳಿದವರಿಗೆ ಹೇಳಿದಾಗ ಇವಳಿಗೆ ಒಳಗೊಳಗೇ ಹಿಗ್ಗು. ಈ ವರ್ಷ ಕೆಲಸ ಕಾಯಂ ಆಗುವುದಿತ್ತು. ಕಾಯಂ ಆದವರ ಆಸ್ಪತ್ರೆ ಖರ್ಚು ಕಂಪನಿಯದು. ಅವಳಿಗೆ ಬೇಕಿದ್ದದ್ದು ಅದೊಂದೇ.

ಉರಿಮೂತ್ರ ಶುರುವಾದಾಗ ಡಾಕ್ಟರು ಗುಳಿಗೆ ಬರೆದುಕೊಟ್ಟರು. "ಉರಿ ನಿಂತ್ರೂ ಪೂರ್ತಿ ನುಂಗಮ್ಮ" ಎಂದರು. ಉರಿ ನಿಂತಿತು. ಉಳಿದದ್ದು ಮುಂದಿನ ಸಲಕ್ಕಿರಲಿ ಎಂದು ಇವಳು ಎತ್ತಿಟ್ಟಳು. ಉಳಿತಾಯವಂತೆ ಉಳಿತಾಯ, ಏನು ಹೇಳೋಣ ಇವಳಿಗೆ!

ಮುಂದಿನ ಸಲ ಬಂದೇ ಬಂತು. ಎತ್ತಿಟ್ಟ ಗುಳಿಗೆಗೆ ಉರಿ ಸೊಪ್ಪು ಹಾಕಲಿಲ್ಲ. ಚಳಿಜ್ವರ ನಡುಗಿಸಿದರೂ ರಜೆ ಹಾಕದೆ ಹಲ್ಲುಕಚ್ಚಿ ಕೂತಳು. ಒಂದು ಮಧ್ಯಾಹ್ನ ಚೀಟಿ ಕೈಯಲ್ಲಿದ್ದಂತೆಯೇ ಕುಸಿದಳು.

"ಸೋಂಕು ಕಿಡ್ನಿಗೆ ಏರಿದೆ. ಅರ್ಧಕ್ಕೆ ಬಿಟ್ಟಿದ್ದಕ್ಕೆ ಆ ಗುಳಿಗೆ ಇನ್ನು ನಾಟಲ್ಲ, ದುಬಾರಿ ಇಂಜೆಕ್ಷನ್ನೇ ಗತಿ" ಎಂದರು ಆಸ್ಪತ್ರೆಯವರು. ಗಂಡ ಹೊಟ್ಟೆಪಾಡಿನ ಆಟೋ ಮಾರಿದ. ಅದನ್ನು ಕೇಳಿದಾಗ ಅವಳಿಗೆ ಅಳು ಬರಲಿಲ್ಲ. ಗೋಡೆಯ ಸುಣ್ಣ ಎದ್ದಿದ್ದ ಜಾಗವನ್ನೇ ನೋಡುತ್ತ ಮಲಗಿದ್ದಳು. ಜೀವ ಉಳಿಯಿತು, ಒಂದು ಕಿಡ್ನಿ ಕೈಕೊಟ್ಟಿತು.

ವಾಪಸು ಹೋದಾಗ ಸೂಪರ್‌ವೈಸರ್ ತಲೆ ಕೆರೆದುಕೊಂಡ. "ಕಾಯಂ ಮಾಡೋರ ಹೆಸರು ಆಗ್ಲೇ ಹೋಯ್ತಮ್ಮ. ನಿಂಗೆ ಹಾಜರಿ ಸಾಲಲಿಲ್ಲ. ನನ್ನ ಕೈಲಿ ಏನಿದೆ?"

"ಸರಿ ಸಾರ್" ಎಂದಳು. ಸಿಟ್ಟು ಬರಬೇಕಿತ್ತು, ಅದೂ ಬರಲಿಲ್ಲ.

ಅವಳ ಗೂಡಿನಲ್ಲಿ ಹೊಸ ಹುಡುಗಿ ಕೂತಿದ್ದಳು. ತುಟಿ ಒಣಗಿ ಬಿರಿದಿತ್ತು. ಇವಳು ತನ್ನ ನೀರಿನ ಬಾಟಲಿ ಚಾಚಿದಳು.

"ಬೇಡಕ್ಕ, ಪಾಳಿ ಮುಗೀಲಿ."

"ಇವಳೇ ನಮ್ಮ ಹೊಸ ಒಂಟೆ" ಎಂದು ಸೂಪರ್‌ವೈಸರ್ ನಕ್ಕ. ಹುಡುಗಿಯ ಮುಖ ಅರಳಿತು.

ಇವಳು ಅಲ್ಲೇ ನಿಂತು, ಹುಡುಗಿ ನೋಡುತ್ತಿದ್ದಂತೆ, ಬಾಟಲಿಯ ನೀರನ್ನು ಪೂರ್ತಿ ಕುಡಿದಳು. ಆಮೇಲೆ ಲಾರಿಗಳ ಸಾಲಿನ ನಡುವೆ ನಿಧಾನಕ್ಕೆ ರಸ್ತೆಯಾಚೆಯ ಕಕ್ಕಸಿನತ್ತ ಹೊರಟಳು. ಹಾರನ್‌ಗಳು ಮೊಳಗುತ್ತಲೇ ಇದ್ದವು. ಅವಳಿಗೀಗ ಯಾವ ಅವಸರವೂ ಇರಲಿಲ್ಲ.