ಕಣದಲ್ಲಿ ಬೂಟು ಬಿಚ್ಚಿದ್ದು

ಹಿರಿಯೂರಿನ ಹತ್ತಿರ ಅಣೆಕಟ್ಟೆ ಕೆಲಸದಲ್ಲಿ ನಾನು ಓವರ್ಸಿಯರ್ ಆಗಿದ್ದಾಗ ಇಂಜಿನಿಯರ್ ದೊರೆಗಳು ನನಗೆ ಗಾಲ್ಫಿನ ಹುಚ್ಚು ಹತ್ತಿಸಿದರು. ಮೊದಮೊದಲು ಚೆನ್ನಾಗೇ ಆಡಿದೆ. ಆಮೇಲೆ ಏನಾಯಿತೋ, ಎರಡು ತಿಂಗಳು ನಾನು ಹೊಡೆದ ಚೆಂಡು ಒಂದೂ ಕುಳಿಗೆ ಬೀಳಲಿಲ್ಲ. ಕೋಲು ಬದಲಾಯಿಸಿದೆ, ರುಮಾಲು ಬದಲಾಯಿಸಿದೆ, ಹಣ್ಣುಕಾಯಿಯನ್ನೂ ಮಾಡಿಸಿದೆ. "ಇವತ್ತೂ ಹೀಗೇ ಆದರೆ ದುರ್ಗದ ಪಂದ್ಯಕ್ಕೆ ಬೇರೆ ಜೊತೆ ಹುಡುಕುತ್ತೇನೆ" ಅಂದರು ದೊರೆಗಳು.

ಅವತ್ತು ಕೊನೆಯ ಕುಳಿಯ ಹತ್ತಿರ ಹೋದರೆ, ಚೆಂಡು ಸಲೀಸಾಗಿ ಉರುಳಲೆಂದು ನಾವು ಸಗಣಿ ಸಾರಿಸಿದ್ದ ಜಾಗದ ತುಂಬ ರಾಗಿ ತೆನೆ! ಪಕ್ಕದ ಹೊಲದ ಅಜ್ಜಿಯೊಬ್ಬಳು ಹರಡುತ್ತಿದ್ದಳು.

"ಅಜ್ಜೀ, ಇದು ಆಟದ ಜಾಗ."

"ಇಷ್ಟು ಚೆಂದ ಸಾರ್ಸಿದ್ದು ಕಣ ಅಲ್ದೆ ಇನ್ನೇನ್ರಿ?" ಅಂದವಳು ನನ್ನ ಕಾಲು ನೋಡಿ ಸಿಡಿದಳು. "ಕಣಕ್ಕೆ ಮೆಟ್ಟು ಹಾಕ್ಕಂಡು ಬರ್ತಾರೇನ್ರಿ? ಬಿಚ್ರಿ ಮೊದ್ಲು!"

ನಮ್ಮೂರಲ್ಲೂ ಕಣಕ್ಕೆ ಬರಿಗಾಲಲ್ಲೇ ಇಳಿಯುವುದು. ನಾಚಿಕೆಯಾಗಿ ಬೂಟು ಬಿಚ್ಚಿದೆ. ಅಜ್ಜಿ ಸಮಾಧಾನವಾಗಿ ಕುಳಿಯವರೆಗೆ ತೆನೆ ಸರಿಸಿ ದಾರಿ ಬಿಟ್ಟಳು. ಅಂಗಾಲು ನೆಲಕ್ಕೆ ತಾಗಿದ್ದೇ ತಡ, ಜಾಗ ಎಡಕ್ಕೆ ವಾಲಿರುವುದು ತಿಳಿಯಿತು. ಎರಡು ತಿಂಗಳಿಂದ ಬೂಟಿಗೆ ಗೊತ್ತಾಗದ ಇಳಿಜಾರು! ತುಸು ಬಲಕ್ಕೆ ತಟ್ಟಿದೆ. ಚೆಂಡು ಬಳಸಿಕೊಂಡು ಹೋಗಿ ಕುಳಿಗೆ ಬಿತ್ತು.

"ದುರ್ಗಕ್ಕೆ ನೀನೇ ಬಾ" ಎಂದು ದೊರೆಗಳು ಬೆನ್ನು ತಟ್ಟಿದರು.

ದುರ್ಗದಲ್ಲೂ ಜಂಬದಿಂದ ಬರಿಗಾಲಲ್ಲೇ ಇಳಿದೆ. ಅಲ್ಲಿ ಸಾರಿಸಿದ ಕಣವಿರಲಿಲ್ಲ, ಬಯಲ ತುಂಬ ನೆಗ್ಗಿಲು ಮುಳ್ಳು. ನನ್ನ ಆಟ ಹೇಗಿತ್ತೋ ನೆನಪಿಲ್ಲ. ಕುಣಿತ ಮಾತ್ರ ಬಹಳ ಚೆನ್ನಾಗಿತ್ತು ಎಂದು ದೊರೆಗಳು ಊರು ಬಿಡುವವರೆಗೂ ಹೇಳುತ್ತಿದ್ದರು.