ಪಾಯಖಾನೆಯ ಕೀಲಿ

ಎಪ್ಪತ್ತರ ದಶಕದಲ್ಲಿ ಮಹಾಲಿಂಗಪುರದ ಹತ್ತಿರದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಗೆ ನಾನು ಹೊಸದಾಗಿ ಸೇರಿದೆ. ಅಲ್ಲಿದ್ದ ಹಿರಿಯ ಶಿಕ್ಷಕಿ ಮೊದಲ ದಿನವೇ ಪಕ್ಕಕ್ಕೆ ಕರೆದು ಬುದ್ಧಿಮಾತು ಹೇಳಿದರು.

"ಮುಂಜಾನೆ ಚಹಾ ಬಿಟ್ಟಬಿಡವಾ. ಸಾಲಿ ಬಿಡೂತನಾ ನೀರೂ ಕುಡೀಬ್ಯಾಡ. ನಾ ಇಷ್ಟ ವರ್ಷ ಹಿಂಗ ನೌಕರಿ ಮಾಡೇನಿ."

ಟ್ರೇನಿಂಗ್ ಕಾಲೇಜಿನಲ್ಲಿ ಮಕ್ಕಳ ಮನಸ್ಸು, ಹಲಗೆಯ ಮೇಲಿನ ಅಕ್ಷರ, ಪಾಠದ ಟಿಪ್ಪಣಿ ಎಂದು ಏನೆಲ್ಲ ಕಲಿಸಿದ್ದರು. ಶಾಲೆಯಲ್ಲಿ ಹೆಂಗಸರು ಮೂತ್ರಕ್ಕೆ ಎಲ್ಲಿ ಹೋಗಬೇಕು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಹೇಳಲು ನಾಚಿಕೆಯಂತೆ.

ಹಾಗೆಂದು ಪಾಯಖಾನೆ ಇರಲಿಲ್ಲವೇ? ಇತ್ತು. ಹೆಣ್ಣುಮಕ್ಕಳಿಗೆಂದೇ ಸರ್ಕಾರ ಕಟ್ಟಿಸಿಕೊಟ್ಟದ್ದು ಅಂಗಳದ ಮೂಲೆಯಲ್ಲಿ ಸುಣ್ಣ ಬಳಿಸಿಕೊಂಡು ನಿಂತಿತ್ತು. ಬಾಗಿಲಿಗೆ ಕೀಲಿ, ಕೀಲಿಕೈ ಹೆಡ್ ಮಾಸ್ತರರ ಕಿಸೆಯಲ್ಲಿ. ತಪಾಸಣೆಗೆ ಸಾಹೇಬರು ಬಂದ ದಿನ ಮಾತ್ರ ಅದು ತೆರೆಯುತ್ತಿತ್ತು. ಸಾಹೇಬರು ಇಣುಕಿ ನೋಡಿ, "ಭಾಳ ಛಲೋ ಇಟ್ಟೀರಿ" ಎಂದು ಹೊಗಳಿ, ಹೆಡ್ ಮಾಸ್ತರರ ಮನೆಯಲ್ಲಿ ಹೋಳಿಗೆ ಉಂಡು ಹೋಗುತ್ತಿದ್ದರು. ಗಂಡುಹುಡುಗರು, ಮಾಸ್ತರರು ಎಲ್ಲರಿಗೂ ಹಿಂದಿನ ಗೋಡೆಯಿತ್ತು. ಅದರ ನಾತ ಕಿಟಕಿಯಿಂದ ಒಳಗೆ ಹೊಡೆಯುವಾಗ ನಾನು ಸ್ವಚ್ಛತೆಯ ಪಾಠ ಮಾಡುತ್ತಿದ್ದೆ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ! ಹೆಣ್ಣುಮಕ್ಕಳು ನನ್ನಂತೆಯೇ ಬಿಗಿಹಿಡಿದು ಕೂಡುತ್ತಿದ್ದರು.

ನನ್ನ ನಾಲ್ಕನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಅವಳ ಮನೆತನದಲ್ಲಿ ಅಕ್ಷರ ಕಲಿತವಳು ಅವಳೇ ಮೊದಲು. ಒಂದು ಮಧ್ಯಾಹ್ನ ಹೆಡ್ ಮಾಸ್ತರರು ಒಳಗೆ ಬಂದು ಅವಳನ್ನು ಎಬ್ಬಿಸಿ ಮಗ್ಗಿ ಕೇಳಿದರು. ಅವಳು ಕಿರುಬೆರಳು ಎತ್ತಿ ತೋರಿಸಿದಳು.

"ಮೊದ್ಲ ಮಗ್ಗಿ ಹೇಳು, ಆಮ್ಯಾಲ ಉಳದದ್ದು" ಎಂದರು.

ಮಗ್ಗಿ ಅರ್ಧಕ್ಕೆ ಬರುವಷ್ಟರಲ್ಲಿ ಅವಳ ಪರಕರ ತೊಯ್ದು ನೆಲವೂ ಒದ್ದೆಯಾಯಿತು. ಹುಡುಗರು ನಕ್ಕರು. ಆ ಮನುಷ್ಯನೂ ನಕ್ಕ. ಮೇಲೆ, ಅದೇ ಪರಕರದ ಅಂಚಿನಿಂದ ನೆಲ ಒರೆಸು ಎಂದ. ಒರೆಸಲು ಕೂತವಳನ್ನು ನಾನು ಕೈಹಿಡಿದು ಎಬ್ಬಿಸಿ ಮನೆಗೆ ಕಳಿಸಿದೆ.

ಮರುದಿನ ಹುಡುಗಿ ಬರಲಿಲ್ಲ. ಇನ್ನು ಸಾಲಿ ಬಿಡಿಸುತ್ತಾರಂತೆ ಎಂದು ಅವಳ ಗೆಳತಿಯರು ಹೇಳಿದರು. ನಾನು ಹೆಡ್ ಮಾಸ್ತರರ ಹತ್ತಿರ ಹೋಗಿ ಕೀಲಿಕೈ ಕೇಳಿದೆ.

"ತಗದ್ರ ಗಲೀಜ್ ಆಗತೈತ್ರಿ ಅಕ್ಕಾರ. ಸಾಹೇಬ್ರು ಬಂದಾಗ ಏನ್ ತೋರ್ಸೂಣು?"

ಥೂ! ಅಂಗಳದ ಕಲ್ಲೊಂದನ್ನು ಎತ್ತಿಕೊಂಡು ಕೀಲಿ ಜಜ್ಜಿ ಮುರಿದೆ. ಒಳಗೆ ಹೆಡ್ ಮಾಸ್ತರರ ಮನೆಯ ಬೆಲ್ಲದ ಪೆಂಟೆಗಳು ಒಂದರ ಮೇಲೊಂದು ಕೂತಿದ್ದವು. ಸಾಹೇಬರು ಬರುವ ಮುಂಚೆ ಹೊರಗೆ, ಹೋದ ಮೇಲೆ ಒಳಗೆ. ಅವರು ಚಪ್ಪರಿಸಿ ಉಂಡ ಹೋಳಿಗೆ ಇದೇ ಬೆಲ್ಲದ್ದು. ಪೆಂಟೆಗಳನ್ನು ಒಂದೊಂದಾಗಿ ಹೊರಗೆ ಉರುಳಿಸಿದೆ.

ಸಂಜೆ ಹುಡುಗಿಯ ಮನೆಗೆ ಹೋದೆ. ಅವಳ ತಾಯಿ ಹೊಲದಿಂದ ಆಗಷ್ಟೇ ಬಂದಿದ್ದಳು.

"ಕೀಲಿ ಒಡದೇನಿ. ನಾಳಿಂದ ಕಳಸವಾ" ಎಂದೆ.

"ಅದರಾಗ ನೀವು ಹೋಗೀರೇನ್ರಿ ಅಕ್ಕಾರ?"

ಇಲ್ಲ ಎಂದೆ. ಕೀಲಿ ಒಡೆಯಲು ಸಿಟ್ಟು ಸಾಕಾಗಿತ್ತು. ಅಷ್ಟು ಗಂಡಸರ ಎದುರು ನೀರಿನ ಚರಿಗೆ ಹಿಡಿದು ಅಂಗಳ ದಾಟುವುದು ಬೇರೆ ಮಾತು.

ಮರುದಿನ ತಾಯಿ ಮಗಳನ್ನು ಕರೆತಂದು, ತಾನೂ ಬೇವಿನ ಮರದ ಕೆಳಗೆ ಕೂತಳು. ಬಿಡುವಿನ ಗಂಟೆ ಬಾರಿಸಿದ ಮೇಲೆ ನಾನು ಚರಿಗೆ ತುಂಬಿಕೊಂಡು ಹೊರಟೆ. ಒಬ್ಬ ಮಾಸ್ತರರು ಕೆಮ್ಮಿದರು. "ನಾಚಿಕಿ ಅನ್ನೂದ ಇಲ್ಲ ನೋಡ್ರಿ" ಎಂದರು ಇನ್ನೊಬ್ಬರು, ಗೋಡೆಗೆ ಹೋಗಿ ಆಗಷ್ಟೇ ಬಂದವರು. ನಾನು ಹೊರಗೆ ಬಂದಾಗ ಹುಡುಗಿ ಬಾಗಿಲಲ್ಲೇ ನಿಂತಿದ್ದಳು. ನನ್ನ ಕೈಯಿಂದ ಚರಿಗೆ ಇಸಿದುಕೊಂಡು ಒಳಗೆ ಹೋದಳು.

ಅಷ್ಟರಲ್ಲಿ ಹೆಡ್ ಮಾಸ್ತರರು ಪೇಟೆಯಿಂದ ತರಿಸಿದ ಹೊಸ ಕೀಲಿ ಹಿಡಿದುಕೊಂಡು ದಾಪುಗಾಲು ಹಾಕುತ್ತ ಬಂದರು. ತಾಯಿ ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಳು.

"ನನ್ನ ಮಗಳು ಒಳಗದಾಳ್ರಿ. ಹೊರಗ ಬರೂತನಾ ನಿಂದರ್ರಿ."

ಅವರು ಕೀಲಿ ಹಿಡಿದುಕೊಂಡು ಬಿಸಿಲಲ್ಲಿ ನಿಂತರು.