ಅಜ್ಜಿಯ ಕಾಸಿನ ಸರ ಕರಗಿಸಿದ್ದು

ಐವತ್ತರ ದಶಕದ ಕೊನೆಯಲ್ಲಿ ನನ್ನ ಮದುವೆ ಗೊತ್ತಾಯಿತು. ಆಗ ನಾನು ಅರಸೀಕೆರೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಚಿತ್ರಕಲೆ ಹೇಳಿಕೊಡುತ್ತಿದ್ದೆ. ಅಪ್ಪ ತೀರಿಕೊಂಡಿದ್ದರು. ಬೇಲೂರಿನ ಮನೆಯಲ್ಲಿ ಚಿನ್ನವೆಂದು ಇದ್ದದ್ದು ಅಜ್ಜಿಯಿಂದ ಅಮ್ಮನಿಗೆ ಬಂದ ಕಾಸಿನ ಸರ ಒಂದೇ. ಅದರ ಪ್ರತಿ ಕಾಸಿನ ಮೇಲೂ ಸವೆದುಹೋದ ಲಕ್ಷ್ಮಿ. ಅದನ್ನು ಕರಗಿಸಿ, ನಾನೇ ಬರೆದ ನಮೂನೆಯಲ್ಲಿ ಹೊಸ ಸರ ಮಾಡಿಸಬೇಕೆಂದು ಹೆದರುತ್ತಲೇ ಕೇಳಿದೆ. ಅಮ್ಮ ತಕ್ಷಣ ಒಪ್ಪಿದಳು.

ಹಿಂದಿನ ವರ್ಷ ಶಾಲೆಯ ಹುಡುಗಿಯರ ಜತೆ ಹಳೇಬೀಡು ನೋಡಿಕೊಂಡು ಹುಲಿಕೆರೆಗೆ ಹೋಗಿದ್ದೆ. ಗುಡಿಯ ಕೆತ್ತನೆಗಿಂತ ಅಲ್ಲಿನ ಕೊಳದ ಮೆಟ್ಟಿಲುಗಳೇ ನನ್ನನ್ನು ಹಿಡಿದು ನಿಲ್ಲಿಸಿದ್ದವು. ಒಂದು ಮುಖಕ್ಕೆ ಬಿಸಿಲು, ಇನ್ನೊಂದಕ್ಕೆ ನೆರಳು. ನಾನು ಬರೆದದ್ದೂ ಅಷ್ಟೇ, ಮೆಟ್ಟಿಲಿನಂತೆ ಇಳಿಯುವ ಚಪ್ಪಟೆ ತಗಡುಗಳ ಒಂದು ಸರ. ಹೂವಿಲ್ಲ, ಬಳ್ಳಿಯಿಲ್ಲ, ಹರಳಿಲ್ಲ.

ಅಮ್ಮನ ಜತೆ ಬೇಲೂರಿನ ಅಂಗಡಿಗೆ ಹೋದಾಗ, ನಮ್ಮ ಮನೆಗೆ ಮೊದಲಿನಿಂದ ಒಡವೆ ಮಾಡಿಕೊಡುತ್ತಿದ್ದ ಆಚಾರ್ರು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದರು.

"ಇದ್ರಾಗೆ ನನ್ ಕೆಲ್ಸ ಎಲ್ಲೈತೆ, ಮೇಷ್ಟ್ರಮ್ಮಾ?"

"ಗೆರೆ ನೇರವಾಗಿ ಬಂದ್ರೆ ಅದೇ ಕೆಲ್ಸ, ಆಚಾರ್ರೇ."

ಅವರು ಅಗ್ಗಿಷ್ಟಿಕೆಗೆ ಇದ್ದಿಲು ಹಾಕಿದರು. ಕಾಸುಗಳನ್ನು ಬಿಡಿಸಿ ಮೂಸೆಗೆ ಹಾಕುತ್ತಿದ್ದಾಗ ನನ್ನ ಸೋದರತ್ತೆ ಬಾಗಿಲಲ್ಲಿ ನಿಂತಿದ್ದಳು. ಯಾರಿಂದಲೋ ಸುದ್ದಿ ಕೇಳಿ ಜಾವಗಲ್ಲಿನಿಂದ ಬಸ್ಸು ಹತ್ತಿ ಬಂದಿದ್ದಳು. ಸರ ಅವಳ ತಾಯಿಯದು.

"ಲಕ್ಷ್ಮೀನ ಬೆಂಕಿಗೆ ಹಾಕಿ ಮಗಳ ಮದುವೆ ಮಾಡ್ತೀಯೇನೇ?" ಎಂದು ಅಮ್ಮನ ಮೇಲೆ ಕೂಗಿದಳು.

ಆಚಾರ್ರು ಊದುಗೊಳವೆಯನ್ನು ಕೆಳಗಿಟ್ಟರು. "ಮನೆಯೋರು ತೀರ್ಮಾನ ಮಾಡ್ಕೊಳ್ಳಿ. ಒಂದ್ ಕಿತ ಕರಗಿದ್ರೆ ಮತ್ತೆ ಬರಾಕಿಲ್ಲ."

ನನಗಂತೂ ಬೇಡ ಎಂದುಬಿಡೋಣ, ಎಲ್ಲರೂ ಮನೆಗೆ ಹೋಗೋಣ ಅನ್ನಿಸಿತು. ಅಷ್ಟರಲ್ಲಿ ಅಮ್ಮ ಮಾತಾಡಿದಳು. ಅತ್ತೆಯ ಎದುರು ಅವಳು ದನಿ ತೆಗೆದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ಅತ್ತಿಗೆ, ಹಬ್ಬದ ದಿನ ನಿಮ್ಮಮ್ಮ ಇದನ್ನ ನನ್ನ ಕತ್ತಿಗೆ ಹಾಕೋರು. ನೆಂಟರು ಎದ್ದುಹೋಗ್ತಿದ್ದ ಹಾಗೇ ಬಿಚ್ಚಿಸ್ಕೊಂಡು ಬೀಗ ಹಾಕೋರು. ಅವ್ರು ಹೋದ್ಮೇಲೂ ಇದು ನಂದು ಅಂತ ನಂಗೆ ಅನ್ನಿಸ್ಲೇ ಇಲ್ಲ. ಇವಳದಾದ್ರೂ ಇವಳದಾಗ್ಲಿ." ಆಮೇಲೆ ಆಚಾರ್ರ ಕಡೆ ತಿರುಗಿ, "ಕರಗಿಸಿ" ಎಂದಳು.

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಳು. ಲಕ್ಷ್ಮಿಯರ ಮುಖಗಳು ಕೆಂಪಾಗಿ, ಮೆತ್ತಗಾಗಿ, ಒಂದರೊಳಗೊಂದು ಸೇರಿಹೋದವು. ಅತ್ತೆ ಆಗಲೇ ಬಸ್ ಸ್ಟ್ಯಾಂಡಿನ ದಾರಿ ಹಿಡಿದಳು.

ಮುಂದಿನ ಭಾನುವಾರ ಹೋದಾಗ ತಗಡುಗಳು ಸಿದ್ಧವಾಗಿದ್ದವು. ಸುತ್ತಿಗೆಯ ಸಣ್ಣ ಸಣ್ಣ ಗುರುತು ಅವುಗಳ ತುಂಬ ಇತ್ತು. ಮೆಟ್ಟಿಲ ಕಲ್ಲಿನ ಮೈ ಹಾಗೇ ಕಂಡಿತು. "ಇದನ್ನ ಹೀಗೇ ಬಿಡಿ" ಎಂದೆ.

ಆಚಾರ್ರಿಗೆ ಸಿಟ್ಟು ಬಂತು. "ಅರ್ಧಂಬರ್ಧ ಕೆಲ್ಸ ನನ್ನಂಗಡಿಯಿಂದ ಆಚೆ ಹೋಗಾಕಿಲ್ಲ. ನೋಡ್ದೋರು ಯಾರನ್ನ ಬಯ್ತಾರೆ? ನಿಮ್ಮನ್ನಲ್ಲ."

ನಾನೂ ಬಿಡಲಿಲ್ಲ. ಕೊನೆಗೆ ಅವರು ಒಂದು ತಗಡಿನ ಒಂದೇ ಬದಿಗೆ ಮೆರುಗು ಕೊಟ್ಟು ಅಂಗೈಯಲ್ಲಿ ಹೊರಳಿಸಿದರು. ಒಮ್ಮೆ ಹೊಳೆಯಿತು, ಒಮ್ಮೆ ಮಂಕಾಯಿತು. ನಾನು ಹೂಂ ಎಂದೆ. ಅವರು ಇನ್ನೊಂದು ತಗಡನ್ನು ಕೈಗೆತ್ತಿಕೊಂಡರು.

ಅತ್ತೆ ಮದುವೆಗೆ ಬರುವುದಿಲ್ಲ ಎಂದುಕೊಂಡಿದ್ದೆವು. ಬಂದಳು. ಅಮ್ಮನ ಮುಖ ನೋಡದೆ ಹಿಂದೆ ಕಂಬಕ್ಕೊರಗಿ ಕೂತಳು. ಧಾರೆಯಾದ ಮೇಲೆ ಗಂಡಿನ ಅಕ್ಕ ನನ್ನ ಸರವನ್ನು ಬೆರಳಲ್ಲಿ ಎತ್ತಿ, "ಇದೇನು, ಬರೀ ತಗಡಾ?" ಎಂದು ಎಲ್ಲರಿಗೂ ಕೇಳುವಂತೆ ನಕ್ಕಳು. ಅಮ್ಮ ಬಿಳಿಚಿಕೊಂಡಳು.

"ತಗಡಲ್ಲ ಕಣ್ರೀ, ನಮ್ಮಮ್ಮನ ಚಿನ್ನ ಅದು" ಎಂದು ಹಿಂದಿನಿಂದ ಅತ್ತೆಯ ದನಿ ಬಂತು. "ಹುಡುಗಿ ತಾನೇ ಬರೆದು ಮಾಡಿಸ್ಕೊಂಡಿದಾಳೆ. ಕೈ ಬಿಡಿ."

ಊಟವಾದ ಮೇಲೆ ಅವಳು ನನಗೆ ಕುಂಕುಮವಿಟ್ಟು ಹೋದಳು. ಅಮ್ಮನ ಜತೆ ಮಾತಾಡಲು ಅವಳಿಗೆ ಇನ್ನೂ ಎರಡು ದೀಪಾವಳಿ ಬೇಕಾದವು.